ಮನೆಯ ಕಸ ಮನೆಯಲ್ಲೇ ಕರಗಲಿ



ಉಳವಿ ಭಾಗದ ನಮ್ಮ ಒಂದು ಸಂಘದಲ್ಲಿ ನಡೆದ ಸಂಗತಿಯಿಂದಲೇ ಶುರು ಮಾಡ್ತೇವೆ. ಸದಸ್ಯೆಯೊಬ್ಬರು ಸಂಘದಿಂದ 30,000 ರೂಪಾಯಿ ಸಾಲ ತೆಗೆದು ಆಕಳು ಕೊಂಡಿದ್ದರು. ಒಳ್ಳೆಯ ಆಕಳು. ಹೊತ್ತಿಗೆ ನಾಲ್ಕು ಲೀಟರ್ ಹಾಲು ಕೊಡ್ತಿತ್ತು. ಏಳು ಕಂತು ತಪ್ಪದೆ ಕಟ್ಟಿದ್ದರು. ಒಂದು ದಿನ ಆಕಳು ಮೇವು ಬಿಟ್ಟಿತು, ಮೆಲುಕು ನಿಂತಿತು, ಎಡಗಡೆ ಹೊಟ್ಟೆ ಉಬ್ಬಿತು. ಮನೆಮದ್ದು ಆಯ್ತು, ಕಷಾಯ ಕುಡಿಸಿದ್ದಾಯ್ತು. ದನದ ಡಾಕ್ಟರು ಅಷ್ಟು ದೂರದಿಂದ ಬರುವ ಹೊತ್ತಿಗೆ ಅದು ಏಳುವ ಸ್ಥಿತಿಯಲ್ಲಿ ಇರಲಿಲ್ಲ. ಸತ್ತ ಮೇಲೆ ಹೊಟ್ಟೆ ಕೊಯ್ದು ನೋಡಿದರೆ ಒಳಗೆ ಹಗ್ಗ ಹೊಸೆದ ಹಾಗೆ ಗಂಟುಗಟ್ಟಿದ ಪ್ಲಾಸ್ಟಿಕ್ ಚೀಲಗಳು.

ಅಲ್ಲಿ ನಿಂತವರೆಲ್ಲ ಅಂಗಡಿಯವರನ್ನು ಬೈದರು, ಜಾತ್ರೆಗೆ ಬರುವವರನ್ನು ಬೈದರು, ಪ್ರವಾಸಿಗರನ್ನು ಬೈದರು. ಒಬ್ಬ ಅಜ್ಜಿ ಮಾತ್ರ ನಮ್ಮ ಕಡೆ ತಿರುಗಿ, "ಅಕ್ಕೋರೆ, ಮಹಿಳಾ ದಿನಾಚರಣೆ ಊಟದ ತಟ್ಟೆ ಎಲ್ಲಿ ಒಗೆದ್ರಿ?" ಅಂತ ಕೇಳಿದರು. ನಮಗೆ ಮಾತೇ ಹೊರಡಲಿಲ್ಲ. ಆ ಕಾರ್ಯಕ್ರಮ ಮಾಡಿದವರು ನಾವೇ. ಪ್ಲಾಸ್ಟಿಕ್ ಹಾಳೆ ಅಂಟಿಸಿದ ತಟ್ಟೆ, ಕಾಗದದ ಲೋಟ, ಪಲಾವು ಕಟ್ಟಿಕೊಟ್ಟ ಚೀಲ, ಎಲ್ಲವನ್ನೂ ಶಾಲೆಯ ಹಿಂದಿನ ತಗ್ಗಿಗೆ ಸುರಿದು ಬಂದಿದ್ದೆವು. ಆ ಆಕಳು ತಿಂದದ್ದು ಅದನ್ನೇ ಅಂತ ಹೇಳಲು ಬರುವುದಿಲ್ಲ. ಅಲ್ಲ ಅಂತ ಹೇಳಲೂ ನಮಗೆ ಧೈರ್ಯವಿಲ್ಲ. ಆದ್ದರಿಂದ ಈ ಲೇಖನವನ್ನು ನಿಮಗೆ ಬುದ್ಧಿ ಹೇಳಲು ಅಂತ ತಿಳಿಯಬೇಡಿ. ನಮ್ಮ ತಪ್ಪಿನ ಬಳಿಕ ನಾವು ಕಲಿತದ್ದನ್ನು ನಿಮ್ಮ ಜೊತೆ ಹಂಚಿಕೊಳ್ಳುತ್ತಿದ್ದೇವೆ ಅಷ್ಟೇ.

ಆಕಳು ಪ್ಲಾಸ್ಟಿಕ್ ಯಾಕೆ ತಿನ್ನುತ್ತದೆ?

ಆಕಳಿಗೆ ಮೇಲಿನ ಸಾಲಿನಲ್ಲಿ ಮುಂದಿನ ಹಲ್ಲು ಇಲ್ಲ. ನಾಲಿಗೆ ಸುತ್ತಿ ಎಳೆದು ನುಂಗುವುದು ಅದರ ರೂಢಿ. ಮೆಲ್ಲುವುದು ಆಮೇಲೆ. ಚೀಲದೊಳಗೆ ಅನ್ನ, ಉಪ್ಪಿನಕಾಯಿ ರಸ, ಬಾಳೆ ಸಿಪ್ಪೆ ಇದ್ದರೆ ಆ ವಾಸನೆಗೆ ಚೀಲ ಸಮೇತ ಒಳಗೆ ಹೋಗುತ್ತದೆ. ಒಳಗೆ ಹೋದ ಚೀಲ ಕರಗುವುದಿಲ್ಲ, ಹೊರಗೂ ಬರುವುದಿಲ್ಲ. ಮೊದಲ ಹೊಟ್ಟೆಯಲ್ಲೇ ಉಳಿದು ಒಂದಕ್ಕೊಂದು ಸುತ್ತಿಕೊಳ್ಳುತ್ತದೆ. ಹೊಟ್ಟೆ ತುಂಬಿದ ಹಾಗೆ ಇರುತ್ತದೆ, ಮೇವಿಗೆ ಜಾಗ ಇಲ್ಲ. ಮೊದಲು ಹಾಲು ಇಳಿಯುತ್ತದೆ, ಆಮೇಲೆ ಮೈ ಇಳಿಯುತ್ತದೆ. ಇದಕ್ಕೆ ಔಷಧ ಇಲ್ಲ, ಹೊಟ್ಟೆ ಕೊಯ್ದು ತೆಗೆಯಬೇಕು. ಆ ಶಸ್ತ್ರಚಿಕಿತ್ಸೆ ಉಳವಿಯಂಥ ಕಡೆ ಸುಲಭದ ಮಾತಲ್ಲ.

ತಂತಿ, ಮೊಳೆ, ಸೂಜಿ ನುಂಗಿದರೆ ಇನ್ನೂ ಕಷ್ಟ. ಅವು ಎರಡನೇ ಹೊಟ್ಟೆಗೆ ಇಳಿದು, ಅಲ್ಲಿಂದ ಚುಚ್ಚಿಕೊಂಡು ಗುಂಡಿಗೆಯವರೆಗೂ ಹೋಗಬಹುದು. ಅಂಗಳ ಗುಡಿಸಿದ ಕಸದಲ್ಲಿ ಒಂದು ತುಂಡು ತಂತಿ ಕಂಡರೆ ಬಗ್ಗಿ ಎತ್ತಿಡಿ.

ನಾವಿರುವುದೂ ಒಂದು ನಡುಗಡ್ಡೆ

ಮಾಲ್ಡೀವ್ಸ್ ಅಂತ ಒಂದು ದೇಶ ಇದೆ. ಸಮುದ್ರದ ನಡುವೆ ಪುಟ್ಟ ಪುಟ್ಟ ದ್ವೀಪಗಳು. ಅಲ್ಲಿಗೆ ಅಕ್ಕಿ, ಎಣ್ಣೆ, ನೀರಿನ ಬಾಟಲಿ ಎಲ್ಲ ಹಡಗಿನಲ್ಲಿ ಬರುತ್ತವೆ, ಖಾಲಿ ಡಬ್ಬ ಮಾತ್ರ ವಾಪಸು ಹೋಗುವುದಿಲ್ಲ. 1990ರ ದಶಕದ ಆರಂಭದಿಂದ ರಾಜಧಾನಿ ಮಾಲೆಯ ಕಸವನ್ನು ತಿಲಫುಶಿ ಎಂಬ ಕಡೆ ಸಮುದ್ರದ ನೀರಿಗೆ ಸುರಿಯತೊಡಗಿದರು. ಸುರಿದು ಸುರಿದು ಅಲ್ಲಿ ಕಸದ್ದೇ ಒಂದು ದ್ವೀಪ ಎದ್ದಿತು.

ಉಳವಿಗೆ ಸಮುದ್ರ ಇಲ್ಲ, ಆದರೆ ಸುತ್ತ ಕಾಡಿದೆ. ಜೋಯಿಡಾ ತಾಲೂಕು ವಿಸ್ತಾರದಲ್ಲಿ ದೊಡ್ಡದು, ಜನ ಮಾತ್ರ 2011ರ ಜನಗಣತಿಯಲ್ಲಿ ಅರ್ಧ ಲಕ್ಷದ ಆಸುಪಾಸು. ಒಂದು ಮಜರೆಯಿಂದ ಇನ್ನೊಂದು ಮಜರೆಗೆ ನಡುವೆ ಕಾಡು, ಹಳ್ಳ, ಗುಡ್ಡ. ಸಾಮಾನು ಹೇಗೋ ಬರುತ್ತದೆ. ಕುಂಬಾರವಾಡ, ಜೋಯಿಡಾ, ದಾಂಡೇಲಿ ಸಂತೆಯಿಂದ ಬಸ್ಸಿನ ಮೇಲೆ, ಬೈಕಿನ ಹಿಂದೆ, ತಲೆಯ ಮೇಲೆ. ಖಾಲಿ ಪ್ಯಾಕೆಟ್ಟನ್ನು ಬಸ್ಸು ಹತ್ತಿಸಿ ದಾಂಡೇಲಿಗೆ ಕಳಿಸಿದವರನ್ನು ನೋಡಿದ್ದೀರಾ? ಬಂದದ್ದೆಲ್ಲ ಇಲ್ಲೇ ಉಳಿಯುತ್ತದೆ. ಇದಕ್ಕೇ ನಾವು ನಡುಗಡ್ಡೆ ಅಂದದ್ದು.

ಇಲ್ಲಿ ಉಳಿದದ್ದು ಸುಮ್ಮನೆ ಬಿದ್ದಿರುವುದೂ ಇಲ್ಲ. ಜೂನ್ ತಿಂಗಳ ಮೊದಲ ದೊಡ್ಡ ಮಳೆಗೆ ಹಳ್ಳಕ್ಕೆ ಇಳಿಯುತ್ತದೆ, ಹಳ್ಳದಿಂದ ಕಾಳಿ ನದಿಗೆ. ಡಿಗ್ಗಿಯ ಹತ್ತಿರ ನಮ್ಮ ತಾಲೂಕಿನಲ್ಲೇ ಹುಟ್ಟುವ ಕಾಳಿ, ಅಣೆಕಟ್ಟುಗಳನ್ನು ದಾಟಿ ಕಾರವಾರದ ಸಮುದ್ರ ಸೇರುವವರೆಗೆ ಎಷ್ಟೋ ಊರಿನವರಿಗೆ ನೀರು ಕೊಡುತ್ತದೆ. ಇನ್ನು ಕಾಡುಪ್ರಾಣಿಗಳ ಮಾತು. ದಾಂಡೇಲಿ-ಅಣಶಿ ಹುಲಿ ಸಂರಕ್ಷಿತ ಪ್ರದೇಶ ಅಂತ 2007ರಲ್ಲಿ ಘೋಷಣೆಯಾಗಿ 2015ರಲ್ಲಿ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಅಂತ ಹೆಸರು ಬದಲಾದ ಕಾಡು ನಮ್ಮ ಹಿತ್ತಲಿಗೆ ಅಂಟಿಕೊಂಡೇ ಇದೆ. ಅನ್ನದ ಕಸಕ್ಕೆ ಕಾಡುಹಂದಿ ಬರುತ್ತದೆ. ಹಂದಿ ಒಮ್ಮೆ ದಾರಿ ಕಲಿತರೆ ಗೆಣಸಿನ ಗದ್ದೆ ಬಿಡುವುದಿಲ್ಲ. ಕಸಕ್ಕೆ ಬೀದಿನಾಯಿ ಸೇರುತ್ತವೆ, ನಾಯಿ ಹುಡುಕಿ ಚಿರತೆ ಬರುತ್ತದೆ. ಕತ್ತಲಾದ ಮೇಲೆ ಮಕ್ಕಳನ್ನು ಹೊರಗೆ ಬಿಡಲು ಹೆದರುವವರು ಮೊದಲು ಹಿತ್ತಲಿನ ತಿಪ್ಪೆ ನೋಡಬೇಕು.

ಒಂದು ವಾರದ ಚೀಲ

ಆ ಘಟನೆಯ ನಂತರ ಸಂಘದ ಸಭೆಯಲ್ಲಿ ಒಂದು ಪ್ರಯೋಗ ಮಾಡಿದೆವು. ಪ್ರತಿ ಮನೆಯವರು ಒಂದು ವಾರ ಯಾವ ಪ್ಲಾಸ್ಟಿಕ್ಕನ್ನೂ ಬಿಸಾಡದೆ, ಸುಡದೆ ಒಂದು ಗೋಣಿಚೀಲದಲ್ಲಿ ಕೂಡಿಡಬೇಕು. ಮುಂದಿನ ಸಭೆಗೆ ತಂದು ಚಾಪೆಯ ಮೇಲೆ ಸುರಿಯಬೇಕು. ಮೊದಲು ಎಲ್ಲರೂ ನಕ್ಕರು. "ನಮ್ಮನ್ಯಾಗ ಏನೈತ್ರಿ ಕಸ, ಬಡವರ ಮನಿ" ಅಂದರು. ಸುರಿದ ಮೇಲೆ ನಗು ನಿಂತಿತು. ಎಣ್ಣೆ ಪ್ಯಾಕೆಟ್, ಹಾಲಿನ ಪ್ಯಾಕೆಟ್, ಸೋಪಿನ ಹೊದಿಕೆ, ಮಕ್ಕಳು ತಿಂದ ಕುರುಕಲು ತಿಂಡಿಯ ಬಣ್ಣದ ಪೊಟ್ಟಣ, ಗಂಡಸರ ಗುಟ್ಕಾ ಚೀಟಿ (ಅದರ ಮಾತು ಬೇರೆ ದಿನ ಆಡೋಣ), ಮತ್ತು ಎಲ್ಲಕ್ಕಿಂತ ಹೆಚ್ಚು ಶಾಂಪೂ ಚೀಟಿ.

ಲೆಕ್ಕ ಹಾಕಿ ನೋಡಿ. ಮನೆಯಲ್ಲಿ ಮೂವರು ಹೆಣ್ಣುಮಕ್ಕಳು, ವಾರಕ್ಕೆ ಎರಡು ಸಲ ತಲೆಸ್ನಾನ ಅಂದರೆ ವಾರಕ್ಕೆ 6 ಚೀಟಿ, ವರ್ಷಕ್ಕೆ 312. ಹದಿನೈದು ಮನೆಯ ಒಂದು ಸಂಘಕ್ಕೆ 4,680. ಒಂದೇ ಸಂಘ, ಒಂದೇ ವರ್ಷ!

ಬಾಟಲಿ ಶಾಂಪೂ ಅಗ್ಗ, ಅದನ್ನೇ ತನ್ನಿ ಅಂತ ನಾವು ಹೇಳುವುದಿಲ್ಲ. ಎಷ್ಟೋ ಸಲ ಲೆಕ್ಕ ನೋಡಿದರೆ ಚೀಟಿಯೇ ಅಗ್ಗ ಬೀಳುತ್ತದೆ, ಅದು ನಿಮಗೂ ಗೊತ್ತು. ಆದರೆ ಸೀಗೆಕಾಯಿ, ಅಂಟವಾಳಕಾಯಿ ನಮ್ಮ ಕಾಡಿನಲ್ಲೇ ಸಿಗುವಾಗ, ದಾಸವಾಳದ ಸೊಪ್ಪು ಬೇಲಿಯಲ್ಲೇ ಇರುವಾಗ, ಎರಡು ಸಲದಲ್ಲಿ ಒಂದು ಸಲವಾದರೂ ಅದನ್ನು ಹಚ್ಚಬಹುದು. ಆಗ 4,680 ಇದ್ದದ್ದು ಅರ್ಧ ಆಗುತ್ತದೆ. ಪೂರ್ತಿ ಬಿಡಿ ಅಂದರೆ ಕಾಲೇಜಿಗೆ ಹೋಗುವ ಮಗಳು ಕೇಳುವುದಿಲ್ಲ, ಅದೂ ನಮಗೆ ಗೊತ್ತು.

ಚಾಪೆಯ ಮೇಲಿನ ರಾಶಿಯನ್ನು ಎರಡು ಪಾಲು ಮಾಡಿದೆವು. ಗುಜರಿಯವರು ಕೊಳ್ಳುವುದು ಒಂದು ಕಡೆ: ಬಾಟಲಿ, ಡಬ್ಬ, ಕಬ್ಬಿಣ, ರಟ್ಟು, ದಪ್ಪ ಹಾಲಿನ ಪ್ಯಾಕೆಟ್. ಕೊಳ್ಳದೆ ಇರುವುದು ಇನ್ನೊಂದು ಕಡೆ. ಒಳಗೆ ಬೆಳ್ಳಿಯ ಹಾಗೆ ಹೊಳೆಯುವ ಪೊಟ್ಟಣಗಳೆಲ್ಲ ಎರಡನೆಯದಕ್ಕೆ ಹೋದವು. ಅವುಗಳಲ್ಲಿ ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂ ಪದರಗಳು ಒಂದರ ಮೇಲೊಂದು ಅಂಟಿರುತ್ತವೆ, ಬಿಡಿಸಿ ಮತ್ತೆ ಬಳಸುವುದು ಕಷ್ಟ, ಹಾಗಾಗಿ ಯಾರಿಗೂ ಬೇಡ. ಯಾರೂ ಕೊಳ್ಳದ ಕಸವನ್ನು ಮನೆಗೆ ತರದೇ ಇರುವುದೊಂದೇ ದಾರಿ. ಹತ್ತು ರೂಪಾಯಿಯ ಪೊಟ್ಟಣದಲ್ಲಿ ತಿಂಡಿಗಿಂತ ಗಾಳಿ ಹೆಚ್ಚು. ಅದೇ ದುಡ್ಡಿಗೆ ಶೇಂಗಾ ಹುರಿದು ಕೊಡಬಹುದು, ಗೆಣಸು ಸುಟ್ಟು ಕೊಡಬಹುದು. ನಮ್ಮ ಜೋಯಿಡಾದ ಕುಣಬಿ ಮನೆಗಳಲ್ಲಿ ಇರುವಷ್ಟು ಬಗೆಯ ಗೆಡ್ಡೆ-ಗೆಣಸು ಬೇರೆ ಎಲ್ಲಿದೆ ಹೇಳಿ? ಅದನ್ನು ನೋಡಲು, ಕೊಳ್ಳಲು ಪೇಟೆಯವರು ಗೆಡ್ಡೆ-ಗೆಣಸು ಮೇಳಕ್ಕೆ ಬರುತ್ತಾರೆ. ನಮ್ಮ ಮಕ್ಕಳು ಮಾತ್ರ ಪೇಟೆಯ ಪೊಟ್ಟಣ ಕೇಳುತ್ತಾರೆ.

ಇಟ್ಟುಕೊಳ್ಳುವುದನ್ನು ತೊಳೆದು ಒಣಗಿಸಿ ಇಡಬೇಕು. ಹಾಲಿನ ಪ್ಯಾಕೆಟ್ಟಿಗೆ ಒಂದು ಲೋಟ ನೀರು ಹಾಕಿ ಕುಲುಕಿ, ಆ ನೀರನ್ನು ಚಹಕ್ಕೇ ಹಾಕಿ, ಪ್ಯಾಕೆಟ್ಟನ್ನು ತಂತಿಗೆ ಸಿಕ್ಕಿಸಿ. ವಾಸನೆ ಬರುವುದಿಲ್ಲ, ಇರುವೆ ಹತ್ತುವುದಿಲ್ಲ. ಮೂಲೆಯನ್ನು ಪೂರ್ತಿ ಕತ್ತರಿಸಿ ಬಿಸಾಡಬೇಡಿ, ಅರ್ಧ ಸೀಳಿ ಅಲ್ಲೇ ಅಂಟಿರುವ ಹಾಗೆ ಬಿಡಿ. ಆ ಚಿಕ್ಕ ತ್ರಿಕೋನದ ಚೂರನ್ನು ಆಮೇಲೆ ಯಾರೂ ಹುಡುಕಿ ಎತ್ತುವುದಿಲ್ಲ, ಕೋಳಿ ನುಂಗುತ್ತದೆ.

ಈಗ ರಾಜ್ಯದ ಅನೇಕ ಪಂಚಾಯತಿಗಳಲ್ಲಿ ಒಣಕಸದ ಘಟಕಗಳಿವೆ. ಅವನ್ನು ಸಂಜೀವಿನಿ ಒಕ್ಕೂಟದ ಮಹಿಳೆಯರೇ ನಡೆಸುತ್ತಾರೆ, ಸ್ವಚ್ಛ ವಾಹಿನಿ ಗಾಡಿಯನ್ನೂ ಎಷ್ಟೋ ಕಡೆ ಹೆಣ್ಣುಮಕ್ಕಳೇ ಓಡಿಸುತ್ತಾರೆ. ನಿಮ್ಮ ಮಜರೆಗೆ ಗಾಡಿ ಬರದಿದ್ದರೆ ಎಲ್ಲಿವರೆಗೆ ಬರುತ್ತದೆ, ಎಂದು ಬರುತ್ತದೆ ಅಂತ ಪಂಚಾಯತಿಯಲ್ಲಿ ಕೇಳಿ. ಗ್ರಾಮಸಭೆಯಲ್ಲಿ ಸಂಘದ ಠರಾವು ಕೊಟ್ಟು ಕೇಳಿದರೆ ಇನ್ನೂ ಒಳ್ಳೆಯದು. ಒಣಗಿಸಿಟ್ಟ ಚೀಲ ಎರಡು ತಿಂಗಳು ಕಾದರೂ ಕೆಡುವುದಿಲ್ಲ.

ಬಚ್ಚಲ ಒಲೆಗೆ ಪ್ಲಾಸ್ಟಿಕ್ ಬೇಡ

ಮಳೆಗಾಲದಲ್ಲಿ ಕಟ್ಟಿಗೆ ಹಸಿ. ಒಲೆ ಹತ್ತುವುದಿಲ್ಲ. ಆಗ ನಾವೆಲ್ಲ ಏನು ಮಾಡ್ತೇವೆ? ಒಂದು ಚೀಲದ ಚೂರಿಗೆ ಕಡ್ಡಿ ಗೀರಿ ಕಟ್ಟಿಗೆಯ ಕೆಳಗೆ ತೂರಿಸುತ್ತೇವೆ. ಕಸವೂ ಹೋಯ್ತು, ಒಲೆಯೂ ಹತ್ತಿತು ಅಂತ ಸಮಾಧಾನ.

ಕಸ ಹೋಗಲಿಲ್ಲ, ಹೊಗೆಯಾಗಿ ನಮ್ಮ ಎದೆಗೆ ಬಂತು. ಅರ್ಧಂಬರ್ಧ ಉರಿಯುವ ಪ್ಲಾಸ್ಟಿಕ್ಕಿನಿಂದ ವಿಷದ ಹೊಗೆ ಬರುತ್ತದೆ. ಅದರಲ್ಲೂ ಪಿವಿಸಿ ಅನ್ನುವ ಜಾತಿಯದ್ದು, ಅಂದರೆ ಪೈಪಿನ ತುಂಡು, ವೈರಿನ ಹೊದಿಕೆ, ರೆಕ್ಸಿನ್ ಚೀಲ ಇಂಥವು ಸುಟ್ಟರೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಇದು ಬೂದಿಯಲ್ಲೂ ಇರುತ್ತದೆ. ಹುಲ್ಲಿನ ಮೇಲೆ ಕೂತರೆ ಆಕಳ ಮೈ ಸೇರಿ ಹಾಲಿನ ಕೊಬ್ಬಿನಲ್ಲಿ ಬರುತ್ತದೆ. ಆ ಬೂದಿಯನ್ನೇ ನಾವು ಬಸಳೆ ಬುಡಕ್ಕೆ ಹಾಕ್ತೇವೆ, ಪಾತ್ರೆ ತಿಕ್ಕಲು ಬಳಸ್ತೇವೆ. ಒಲೆಯ ಮುಂದೆ ಕೂರುವವರು ಹೆಂಗಸರು, ಪಕ್ಕದಲ್ಲಿ ಕೂಸು. ಗಂಡಸರು ಬಿಸಿನೀರು ಕಾದ ಮೇಲೆ ಬರುವವರು!

ಮಳೆಗಾಲಕ್ಕೆ ಮೊದಲೇ ಒಣ ಅಡಿಕೆ ಸಿಪ್ಪೆ, ತೆಂಗಿನ ಗರಿ, ಕರಟ, ಬಿದಿರಿನ ಚಕ್ಕೆ ಒಂದು ಮೂಟೆ ಅಟ್ಟದ ಮೇಲೆ ಹಾಕಿಡಿ. ಒಲೆ ಹತ್ತಿಸಲು ಅಷ್ಟು ಸಾಕು. ಬೇಸಿಗೆಯಲ್ಲಿ ಅಂಗಳದಲ್ಲಿ ಕಸ ಸುಡುವುದಂತೂ ಬೇಡವೇ ಬೇಡ. ಫೆಬ್ರವರಿಯಿಂದ ಮೇವರೆಗೆ ದರಕು ಒಣಗಿ ನಿಂತಿರುತ್ತದೆ, ಒಂದು ಕಿಡಿ ಗಾಳಿಗೆ ಹಾರಿದರೆ ಸಾಕು.

ಅಡುಗೆಮನೆಯ ಕಸಕ್ಕೆ ಮನೆಯಲ್ಲೇ ಜಾಗ

ಇದರ ಬಗ್ಗೆ ನಿಮಗೆ ನಾವು ಹೇಳುವುದು ಹೆಚ್ಚಿಲ್ಲ, ನೀವೇ ನಮಗೆ ಕಲಿಸಬೇಕು. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ ಕೊಟ್ಟಿಗೆಗೆ. ಉಳಿದದ್ದು ಗೊಬ್ಬರದ ಗುಂಡಿಗೆ. ಎಷ್ಟು ತಲೆಮಾರಿನಿಂದ ನಡೆದು ಬಂದ ಪದ್ಧತಿ! ಕೆಟ್ಟದ್ದು ಎಲ್ಲಿ ಅಂದರೆ, ಈಗ ಅದೇ ಗುಂಡಿಗೆ ಪ್ಲಾಸ್ಟಿಕ್ ಕೂಡ ಬೀಳುತ್ತಿದೆ. ಗೊಬ್ಬರದ ಜೊತೆ ಅದು ತೋಟಕ್ಕೆ ಹೋಗುತ್ತದೆ, ಮುಂದೆ ಗುದ್ದಲಿ ಹಾಕಿದಲ್ಲೆಲ್ಲ ಚೀಲ ಏಳುತ್ತದೆ.

ಎರಡು ಮಾತು ಮಾತ್ರ. ನಮ್ಮ ಕಡೆಯ ಮಳೆಗೆ ನೆಲದೊಳಗಿನ ಗುಂಡಿ ತುಂಬಿ ಸಾರವೆಲ್ಲ ಹರಿದು ಹೋಗುತ್ತದೆ. ಎತ್ತರದ ಜಾಗದಲ್ಲಿ ಕಲ್ಲು ಅಥವಾ ಬಿದಿರಿನ ಕಟ್ಟೆ ಕಟ್ಟಿ ಮೇಲೆ ಅಡಿಕೆ ಸೋಗೆ ಹೊದಿಸಿ. ಹಂದಿ ಬರದ ಹಾಗೆ ಬೇಲಿ ಗಟ್ಟಿ ಇರಲಿ. ಇನ್ನೊಂದು, ಹಸಿ ಕಸ ಒಂದು ಪದರ ಬಿದ್ದರೆ ಅದರ ಮೇಲೆ ಎರಡು ಪದರ ದರಕು, ಒಂದಿಷ್ಟು ಸಗಣಿ ನೀರು ಬೀಳಬೇಕು. ಬರೀ ಹಸಿ ಹಾಕಿದರೆ ನಾರುತ್ತದೆ, ನೊಣ ಬರುತ್ತದೆ. ಬರೀ ದರಕು ಹಾಕಿದರೆ ವರ್ಷವಾದರೂ ಕೊಳೆಯುವುದಿಲ್ಲ. ತಿಂಗಳಿಗೊಮ್ಮೆ ಕೆದಕಿ ಮಗುಚಿದರೆ ಮೂರು-ನಾಲ್ಕು ತಿಂಗಳಲ್ಲಿ ಕಪ್ಪಗೆ ಪುಡಿ ಪುಡಿ ಗೊಬ್ಬರ.

ಕರಟ, ಒಡೆದ ಮಡಕೆ, ಹಳೆ ಟೈರುಗಳನ್ನು ಮಗುಚಿ ಹಾಕಿ. ಅದರಲ್ಲಿ ನಿಂತ ಒಂದು ಲೋಟ ನೀರಿನಲ್ಲಿ ಡೆಂಗಿ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವಷ್ಟು ಬೆಳೆಯಲು ಎಂಟು-ಹತ್ತು ದಿನ ಸಾಕು. ವಾರಕ್ಕೊಂದು ದಿನ, ಸಂಘದ ಸಭೆಯ ದಿನವೇ ಆಗಲಿ, ಹಿತ್ತಲು ಸುತ್ತಿ ನೀರು ಚೆಲ್ಲಿ ಬನ್ನಿ.

ಹೇಳಲು ನಾಚುವ ಕಸ

ಸಭೆಯಲ್ಲಿ ಚಾಪೆಯ ಮೇಲೆ ಬಾರದ ಕಸ ಒಂದಿತ್ತು. ಎಲ್ಲರ ಮನೆಯಲ್ಲೂ ಇದೆ, ಯಾರೂ ತರಲಿಲ್ಲ. ಮುಟ್ಟಿನ ಪ್ಯಾಡು. ಅದರಲ್ಲಿ ಬಹುಪಾಲು ಪ್ಲಾಸ್ಟಿಕ್. ಕೆಲವರು ರಾತ್ರಿ ಹೋಗಿ ಕಾಡಿನಲ್ಲಿ ಎಸೆಯುತ್ತಾರೆ, ನಾಯಿ ಎಳೆದು ತಂದು ಅಂಗಳದಲ್ಲಿ ಹಾಕುತ್ತದೆ. ಕೆಲವರು ಪಾಯಖಾನೆಗೆ ಹಾಕಿ ಗುಂಡಿ ಕಟ್ಟಿಸಿಕೊಂಡಿದ್ದಾರೆ.

ಹಳೆಯ ಬಟ್ಟೆಯೇ ಒಳ್ಳೆಯದು ಅಂತ ಅಜ್ಜಿಯರು ಹೇಳುತ್ತಾರೆ. ಒಪ್ಪೋಣ, ಆದರೆ ಒಂದು ಷರತ್ತು: ಸೋಪು ಹಾಕಿ ತೊಳೆದು ಬಿಸಿಲಿಗೆ ಒಣಗಿಸಬೇಕು. ಸೀರೆಯ ಕೆಳಗೆ, ಬಚ್ಚಲ ಮೂಲೆಯಲ್ಲಿ ಮುಚ್ಚಿ ಒಣಗಿಸಿದ ಬಟ್ಟೆಯಿಂದ ತುರಿಕೆ, ಸೋಂಕು ಬರುತ್ತದೆ. ಮಳೆಗಾಲದಲ್ಲಿ ಬಿಸಿಲೇ ಇಲ್ಲದಾಗ ಇಸ್ತ್ರಿ ಹಾಕಿ, ಅಥವಾ ಒಲೆಯ ಹತ್ತಿರ ಗಾಳಿಯಾಡುವ ಕಡೆ ಒಣಗಿಸಿ. ಮೇಲೆ ಯಾರಾದರೂ ನೋಡಿದರೆ ನೋಡಲಿ, ಬಟ್ಟೆ ತಾನೇ.

ಮೂರನೆಯದು ಮುಟ್ಟಿನ ಕಪ್ಪು. ಮೆತ್ತಗಿನ ಸಿಲಿಕಾನಿನದ್ದು, ಕುದಿಯುವ ನೀರಿನಲ್ಲಿ ಶುದ್ಧ ಮಾಡಿ ವರ್ಷಗಟ್ಟಲೆ ಬಳಸಬಹುದು. ಕೊಚ್ಚಿಯ ಹತ್ತಿರ ಕುಂಬಳಂಗಿ ಅಂತ ಒಂದು ದ್ವೀಪದ ಊರಿದೆ, ನೀರಿನ ನಡುವಿನ ಊರಾದ್ದರಿಂದ ಪ್ಯಾಡು ಎಸೆಯಲು ಜಾಗವೇ ಇಲ್ಲ. ಅಲ್ಲಿ ಐದು ಸಾವಿರಕ್ಕೂ ಹೆಚ್ಚು ಕಪ್ಪುಗಳನ್ನು ಹಂಚಿ, ಬಳಸುವ ಬಗೆ ಕಲಿಸಿ, 2022ರ ಜನವರಿಯಲ್ಲಿ ಪ್ಯಾಡು ಇಲ್ಲದ ಪಂಚಾಯತಿ ಅಂತ ಘೋಷಿಸಿದರು. ಎಲ್ಲರಿಗೂ ಒಗ್ಗುತ್ತದೆ ಅಂತ ಹೇಳುವುದಿಲ್ಲ. ಆಶಾ ಕಾರ್ಯಕರ್ತೆಯನ್ನೋ ನರ್ಸಮ್ಮನನ್ನೋ ಕೇಳಿ ತಿಳಿದುಕೊಳ್ಳಿ. ಪ್ಯಾಡನ್ನೇ ಬಳಸುವವರು ಕಾಗದದಲ್ಲಿ ಸುತ್ತಿ, ಗುರುತು ಹಾಕಿ, ಬೇರೆಯೇ ಇಟ್ಟು ಗಾಡಿಗೆ ಕೊಡಬೇಕು.

ಬ್ಯಾಟರಿ ಸೆಲ್ಲು, ಒಡೆದ ಟ್ಯೂಬ್‌ಲೈಟು, ಬ್ಲೇಡು, ಇಂಜೆಕ್ಷನ್ ಸೂಜಿ, ಔಷಧಿ ಹೊಡೆದ ಡಬ್ಬ, ಇವಕ್ಕೂ ಬೇರೆ ಡಬ್ಬ ಇರಲಿ. ಮೈಲುತುತ್ತದ ಚೀಲ ಗಟ್ಟಿ ಇದೆ ಅಂತ ಅದರಲ್ಲಿ ಅಕ್ಕಿ ಕಟ್ಟಿಡಬೇಡಿ.

ಜಾತ್ರೆ, ಮದುವೆ, ನಮ್ಮ ಸಭೆಗಳು

ಮಾಘ ಮಾಸದಲ್ಲಿ ಉಳವಿ ಚನ್ನಬಸವೇಶ್ವರ ಜಾತ್ರೆ ಬಂದರೆ ನಮ್ಮ ಊರಿನ ಚಹರೆಯೇ ಬದಲು. ಧಾರವಾಡ, ಬೆಳಗಾವಿ ಕಡೆಯಿಂದ ಚಕ್ಕಡಿ ಕಟ್ಟಿಕೊಂಡು ದಿನಗಟ್ಟಲೆ ನಡೆದು ಬರುತ್ತಾರೆ. ಅವರು ನಮ್ಮ ಅತಿಥಿಗಳು. ಅವರ ಜೊತೆ ಬರುವ ಎತ್ತುಗಳೂ ನಮ್ಮ ಅತಿಥಿಗಳೇ, ದಾರಿ ಬದಿಯ ಕಸಕ್ಕೆ ಬಾಯಿ ಹಾಕುವವು ಅವೇ. ಹಿಂದೆ ಬುತ್ತಿ ಬಟ್ಟೆಯಲ್ಲಿ ಬರುತ್ತಿತ್ತು, ಊಟ ಮುತ್ತುಗದ ಎಲೆಯಲ್ಲಿ ಆಗುತ್ತಿತ್ತು. ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳನ್ನು ರಾಜ್ಯ ಸರಕಾರ 2016ರ ಮಾರ್ಚಿನಲ್ಲೇ ನಿಷೇಧಿಸಿದೆ. ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳು 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷಿದ್ಧ. ಆದರೂ ಸಿಗುತ್ತವೆ ಅನ್ನುವುದನ್ನು ನಾವು ಬರೆಯಬೇಕಾಗಿಲ್ಲ.

ಇಲ್ಲಿ ಸಂಘಕ್ಕೆ ಕೆಲಸವೂ ಇದೆ, ಸಂಪಾದನೆಯೂ ಇದೆ. ಅಡಿಕೆ ಹಾಳೆ ನಮ್ಮಲ್ಲಿ ತೋಟದಲ್ಲೇ ಬಿದ್ದು ಕೊಳೆಯುತ್ತದೆ. ಜಪಾನಿನಲ್ಲಿ ಕಾಮಿಕಾತ್ಸು ಎಂಬ ಬೆಟ್ಟದ ಹಳ್ಳಿಯಲ್ಲಿ ಮುದುಕಿಯರು 1986ರಿಂದ ಕಾಡಿನ, ತೋಟದ ಎಲೆಗಳನ್ನು ಆರಿಸಿ ಪೇಟೆಯ ಹೋಟೆಲುಗಳಿಗೆ ಊಟದ ಅಲಂಕಾರಕ್ಕೆ ಮಾರುತ್ತಿದ್ದಾರೆ. ಅದೇ ಹಳ್ಳಿ 2003ರಲ್ಲಿ ಕಸವೇ ಇಲ್ಲದ ಊರು ಮಾಡ್ತೇವೆ ಅಂತ ಠರಾವು ಮಾಡಿತು. ಅಲ್ಲಿ ಕಸದ ಗಾಡಿ ಇಲ್ಲ. ಜನರೇ ತೊಳೆದು, ಒಣಗಿಸಿ, ನಲವತ್ತಕ್ಕೂ ಹೆಚ್ಚು ಬಗೆಯಾಗಿ ಬೇರೆ ಮಾಡಿ ಕೇಂದ್ರಕ್ಕೆ ತಂದು ಕೊಡುತ್ತಾರೆ. ನೂರಕ್ಕೆ ಎಂಬತ್ತರಷ್ಟು ಕಸ ಮರುಬಳಕೆಗೆ ಹೋಗುತ್ತದೆ. ಪೂರ್ತಿ ನೂರು ಅವರಿಂದಲೂ ಆಗಲಿಲ್ಲ. ನಾವು ಅಷ್ಟೊಂದು ಬಗೆ ಮಾಡುವುದು ಬೇಡ, ನಾಲ್ಕು ಮಾಡಿದರೆ ಸಾಕು.

ಇನ್ನೊಂದು ಪಾತ್ರೆ ಬ್ಯಾಂಕು. ಬೆಂಗಳೂರಿನಲ್ಲಿ ಅದಮ್ಯ ಚೇತನ ಸಂಸ್ಥೆಯವರು ಸಮಾರಂಭಗಳಿಗೆ ಸ್ಟೀಲ್ ತಟ್ಟೆ-ಲೋಟ ಕೊಡುವ ಬ್ಯಾಂಕು ನಡೆಸುತ್ತಾರೆ. ನಮ್ಮ ಸಂಘಕ್ಕೂ ಆಗದ್ದೇನಲ್ಲ. ಒಂದು ತಟ್ಟೆ, ಒಂದು ಲೋಟ ಸೇರಿ 120 ರೂಪಾಯಿ ಅಂತ ಹಿಡಿಯೋಣ. ನೂರು ಜೊತೆಗೆ 12,000. ಒಂದು ಜೊತೆಗೆ 4 ರೂಪಾಯಿ ಬಾಡಿಗೆ, ವರ್ಷಕ್ಕೆ 15 ಕಾರ್ಯಕ್ರಮ ಅಂದರೆ 6,000. ಎರಡು ವರ್ಷಕ್ಕೆ ಹಾಕಿದ ದುಡ್ಡು ವಾಪಸು, ಪಾತ್ರೆ ಸಂಘದ್ದೇ. ಎಣಿಸಿ ಕೊಟ್ಟು ಎಣಿಸಿ ತೆಗೆದುಕೊಳ್ಳಬೇಕು, ಕಳೆದ ಲೋಟಕ್ಕೆ ದುಡ್ಡು ಹಿಡಿಯಬೇಕು. ನೆಂಟರು ಅಂತ ಬಿಟ್ಟರೆ ಮೂರನೇ ಮದುವೆಗೆ ಲೋಟ ಇರುವುದಿಲ್ಲ. ತೊಳೆಯುವವರು ಯಾರು ಅನ್ನುವುದನ್ನೂ ಮೊದಲೇ ಮಾತಾಡಿ. ಆ ಕೆಲಸ ಮತ್ತೆ ಹೆಂಗಸರ ತಲೆಗೇ ಕಟ್ಟುವುದಾದರೆ ಕೂಲಿ ಕಟ್ಟಿಯೇ ಬಾಡಿಗೆ ಹೇಳಿ.

ಆಕಳು ಕಳೆದುಕೊಂಡ ಆ ಸದಸ್ಯೆಯ ವಿಷಯ ಕೇಳುವಿರಿ. ವಿಮೆ ಮಾಡಿಸಿರಲಿಲ್ಲ. ಉಳಿದ ಕಂತುಗಳ ಬಡ್ಡಿಯನ್ನು ಸಂಘ ಠರಾವು ಮಾಡಿ ಬಿಟ್ಟಿತು, ಅಸಲನ್ನು ಅವರು ಈಗಲೂ ಕೂಲಿ ಮಾಡಿ ಕಟ್ಟುತ್ತಿದ್ದಾರೆ. ಹೊಸ ಆಕಳಿಗೆ ಸಾಲ ಕೇಳಿಲ್ಲ. ಹೋದ ಸಭೆಯಲ್ಲಿ ಪಾತ್ರೆ ಬ್ಯಾಂಕಿಗೆ ಮೊದಲ ನೂರು ರೂಪಾಯಿ ಇಟ್ಟವರು ಅವರೇ.

ಮುಂದಿನ ತಿಂಗಳ ಒಕ್ಕೂಟದ ಸಭೆಗೆ ಬರುವಾಗ ನಿಮ್ಮ ನಿಮ್ಮ ಲೋಟ ತನ್ನಿ. ಕಾಗದದ ಲೋಟ ನಾವು ತರಿಸುವುದಿಲ್ಲ. ಚಹ ನಮ್ಮದು.